ಮಧ್ಯಪದವನ್ನು ಒಡೆಯುವ ಬಗೆ: ಮಾರಿಕುಪ್ಪಂ ರೈಲಿನ ಒಂದು ಲೆಕ್ಕ

ಬೆಲೆ ಗೊತ್ತಿಲ್ಲದ ಒಂದು ಸಂಖ್ಯೆಯ ವರ್ಗ, ಅದೇ ಸಂಖ್ಯೆಯ ಕೆಲವು ಪಟ್ಟು ಮತ್ತು ಒಂದು ಸ್ಥಿರಾಂಕ, ಈ ಮೂರೂ ಸೇರಿದ ಬೀಜೋಕ್ತಿಯನ್ನು ವರ್ಗ ತ್ರಿಪದೋಕ್ತಿ ಎನ್ನುತ್ತಾರೆ. ಅದನ್ನು ಎರಡು ದ್ವಿಪದೋಕ್ತಿಗಳ ಗುಣಲಬ್ಧವಾಗಿ ಬರೆಯುವುದೇ ಅಪವರ್ತನ. ಪ್ರೌಢಶಾಲೆಯ ಮಕ್ಕಳಲ್ಲಿ ಅನೇಕರು ಇದನ್ನು ಊಹೆಯ ಆಟವೆಂದು ಭಾವಿಸಿ ಅಂಜುತ್ತಾರೆ. ವಾಸ್ತವವಾಗಿ ಇಲ್ಲಿ ಊಹೆಗೆ ಇರುವ ಎಡೆ ಬಹಳ ಕಡಿಮೆ.

ಇದಕ್ಕೊಂದು ಉದಾಹರಣೆ ನೋಡೋಣ. ಬಂಗಾರಪೇಟೆಯಿಂದ ಕೋರಮಂಡಲ, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಮಾರಿಕುಪ್ಪಂ ಸೇರುವ ಕವಲು ರೈಲುಮಾರ್ಗವು ಚಿನ್ನದ ಗಣಿಗಳಿಗಾಗಿ 1894ರಲ್ಲಿ ಆರಂಭವಾಯಿತು. 2001ರಲ್ಲಿ ಗಣಿಗಳು ಮುಚ್ಚಿದ ಮೇಲೆ ಅದು ದಿನವೂ ಬೆಂಗಳೂರಿಗೆ ದುಡಿಯಲು ಹೋಗಿಬರುವವರ ಆಸರೆಯಾಗಿದೆ. ಈ ಹಾದಿಯ ಉದ್ದ ಸುಮಾರು 16 ಕಿ.ಮೀ. ರೈಲಿನ ವೇಗ ಗಂಟೆಗೆ 8 ಕಿ.ಮೀ. ಹೆಚ್ಚಿದರೆ ಪ್ರಯಾಣದಲ್ಲಿ 10 ನಿಮಿಷ ಉಳಿಯುತ್ತದೆ ಎಂದು ಕಲ್ಪಿಸಿಕೊಂಡು ಮೂಲ ವೇಗವನ್ನು ‘ಯ’ ಎಂದು ಕರೆದರೆ, 16/ಯ − 16/(ಯ + 8) = 1/6 ಎಂಬ ಸಮೀಕರಣ ದೊರೆತು, ಛೇದಗಳನ್ನು ನಿವಾರಿಸಿದಾಗ ಅದು ಯ² + 8ಯ − 768 = 0 ಎಂದಾಗುತ್ತದೆ.

(ಯ + ಅ)(ಯ + ಬ) ಎಂಬುದನ್ನು ಗುಣಿಸಿದರೆ ಯ² + (ಅ + ಬ)ಯ + ಅ×ಬ ಬರುವುದರಿಂದ, ಮೊತ್ತ 8 ಮತ್ತು ಗುಣಲಬ್ಧ −768 ಇರುವ ಎರಡು ಸಂಖ್ಯೆಗಳು ಬೇಕು. 768ರ ಅಪವರ್ತನಗಳನ್ನು ಒಂದೊಂದಾಗಿ ತಡಕುವುದಕ್ಕಿಂತ ಹಸನಾದ ದಾರಿಯೊಂದಿದೆ: ಮೊತ್ತದ ಅರ್ಧವಾದ 4ರ ವರ್ಗಕ್ಕೆ 768 ಕೂಡಿಸಿದರೆ 784, ಅದರ ವರ್ಗಮೂಲ 28, 4ಕ್ಕೆ 28 ಕೂಡಿಸಿದರೆ 32, ಕಳೆದರೆ −24. ಮಧ್ಯಪದವನ್ನು 32ಯ − 24ಯ ಎಂದು ಒಡೆದು ಎರಡೆರಡು ಪದಗಳನ್ನು ಗುಂಪುಮಾಡಿದರೆ ಯ(ಯ + 32) − 24(ಯ + 32), ಅಂದರೆ (ಯ + 32)(ಯ − 24) ಸಿಗುತ್ತದೆ. ವೇಗ ಋಣಸಂಖ್ಯೆಯಾಗದ ಕಾರಣ ಉತ್ತರ ಗಂಟೆಗೆ 24 ಕಿ.ಮೀ.; ಪ್ರಯಾಣ 40 ನಿಮಿಷದಿಂದ 30 ನಿಮಿಷಕ್ಕೆ ಇಳಿಯುವುದನ್ನು ಯಾರಾದರೂ ತಾಳೆ ನೋಡಬಹುದು.

ವರ್ಗಪದದ ಸಹಗುಣಕ, ಅಂದರೆ ಅದರ ಮುಂದಿನ ಸಂಖ್ಯೆ, 1 ಅಲ್ಲದಿದ್ದಾಗ ಏನು ಮಾಡಬೇಕೆಂಬುದಕ್ಕೆ ಕನ್ನಡ ನಾಡಿನದೇ ಚೆಲುವಾದ ನಿದರ್ಶನವಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ರಚಿಸಿದ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ದಲ್ಲಿ ಒಂಟೆಗಳ ಹಿಂಡೊಂದರ ಲೆಕ್ಕ ಬರುತ್ತದೆ: ಕಾಲುಭಾಗ ಕಾಡಿನಲ್ಲಿ, ಒಟ್ಟು ಸಂಖ್ಯೆಯ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿನಲ್ಲಿ, ಉಳಿದ 15 ಹೊಳೆಯ ದಂಡೆಯಲ್ಲಿ. ಹಿಂಡಿನ ವರ್ಗಮೂಲವನ್ನು ‘ಯ’ ಎಂದುಕೊಂಡರೆ ಇದು 3ಯ² − 8ಯ − 60 = 0 ಎಂಬ ರೂಪ ತಾಳುತ್ತದೆ. ಇಲ್ಲಿ ಮೊದಲ ಸಹಗುಣಕವನ್ನೂ ಸ್ಥಿರಾಂಕವನ್ನೂ ಗುಣಿಸಿ −180 ಪಡೆದು, ಮೊತ್ತ −8 ಆಗುವಂತೆ −18 ಮತ್ತು 10ನ್ನು ಆರಿಸಿದರೆ (3ಯ + 10)(ಯ − 6) ಬರುತ್ತದೆ; ಯ = 6, ಒಂಟೆಗಳು 36.

ಪ್ರತಿಯೊಂದು ತ್ರಿಪದೋಕ್ತಿಯೂ ಹೀಗೆ ಪೂರ್ಣಾಂಕಗಳಲ್ಲಿ ಒಡೆಯುವುದಿಲ್ಲ. ಮಧ್ಯದ ಸಹಗುಣಕದ ವರ್ಗದಿಂದ ಮೊದಲ ಸಹಗುಣಕ ಹಾಗೂ ಸ್ಥಿರಾಂಕಗಳ ಗುಣಲಬ್ಧದ ನಾಲ್ಕರಷ್ಟನ್ನು ಕಳೆದಾಗ ಬರುವ ಸಂಖ್ಯೆಗೆ ಶೋಧಕವೆಂದು ಹೆಸರು. ಸಹಗುಣಕಗಳು ಪೂರ್ಣಾಂಕಗಳಾಗಿದ್ದಾಗ ಶೋಧಕವು ಪೂರ್ಣವರ್ಗವಾದರೆ ಮಾತ್ರ ಈ ವಿಧಾನ ಫಲಿಸುತ್ತದೆ. ಮಾರಿಕುಪ್ಪಂ ರೈಲಿನ ಲೆಕ್ಕದಲ್ಲಿ ಉಳಿತಾಯ 10ರ ಬದಲು 12 ನಿಮಿಷವಾಗಿದ್ದರೆ ಯ² + 8ಯ − 640 = 0 ಎಂದಾಗಿ ಶೋಧಕ 2624 ಆಗುತ್ತದೆ. ಅದು ಪೂರ್ಣವರ್ಗವಲ್ಲದ್ದರಿಂದ ಎಷ್ಟು ಹುಡುಕಿದರೂ ಜೋಡಿ ಸಿಗದು. ವರ್ಗ ಪೂರ್ಣಗೊಳಿಸುವ ವಿಧಾನದಿಂದಲೇ ವೇಗ ಗಂಟೆಗೆ ಸುಮಾರು 21.6 ಕಿ.ಮೀ. ಎಂದು ಕಂಡುಕೊಳ್ಳಬೇಕಾಗುತ್ತದೆ.