ಗಣಕಯಂತ್ರದಲ್ಲಿ ಬೇಡವಾದುದನ್ನು ತೆಗೆಯುವ ಕ್ರಮ

ನಮ್ಮ ಹೊಸಹೊಳಲಿನಂತಹ ಊರುಗಳಲ್ಲಿಯೂ ಈಗ ಕೆಲವು ಗೃಹಸ್ಥರ ಮನೆಗಳಲ್ಲಿ ಗಣಕಯಂತ್ರವು ಒಂದು ಸ್ಥಾನವನ್ನು ಪಡೆದಿರುವುದು. ಮಕ್ಕಳ ಅಂಕಪಟ್ಟಿ, ಜಮೀನಿನ ಪಹಣಿ, ಮದುವೆಯ ಚಿತ್ರಗಳು, ಮನೆಯ ಲೆಕ್ಕ ಇವೆಲ್ಲವೂ ಅದರ ಹೊಟ್ಟೆಯಲ್ಲಿ ಸೇರಿರುತ್ತವೆ. ಆದುದರಿಂದ ಅದು ಕೆಟ್ಟು ನಿಂತಾಗ ಕೆಟ್ಟದ್ದು ಕೇವಲ ಒಂದು ಯಂತ್ರವೆಂದು ಭಾವಿಸಲಾಗದು. ಮನೆಯ ಪೆಟ್ಟಿಗೆಯ ಬೀಗವೇ ಸಿಕ್ಕಿಕೊಂಡಂತಾಗುವುದು.

ಮೈಕ್ರೋಸಾಫ್ಟ್ ಸಂಸ್ಥೆಯು ೨೦೨೫ನೆಯ ಇಸವಿ ಅಕ್ಟೋಬರ್ ೧೪ರಂದು ವಿಂಡೋಸ್ ೧೦ ಎಂಬ ವ್ಯವಸ್ಥೆಗೆ ಒದಗಿಸುತ್ತಿದ್ದ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿತು. ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ ೧೧ಕ್ಕೆ ಒಗ್ಗುವುದಿಲ್ಲ. ಅದು ಕಾರಣ ಪಟ್ಟಣಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಮನೆಯ ಯಂತ್ರಕ್ಕೆ ಲಿನಕ್ಸ್ ಎಂಬ ಉಚಿತವಾದ ವ್ಯವಸ್ಥೆಯನ್ನು ಹಾಕಿ ಹೊರಟುಹೋಗುವುದುಂಟು. ಉಳಿದ ಹಿರಿಯರಿಗಾದರೋ ತಮ್ಮ ಮನೆಯೊಳಗೆ ತಾವೇ ಅತಿಥಿಗಳಾದಂತೆ ತೋರುವುದು. ಅಂತಹವರಿಗೆ ಉಪಯುಕ್ತವಾಗಲೆಂದು ಈ ಕೆಲವು ಮಾತುಗಳನ್ನು ಬರೆದಿದೆ.

ಲಿನಕ್ಸ್ ಹೊಸ ವಸ್ತುವಲ್ಲ. ೧೯೯೧ರಲ್ಲಿ ಫಿನ್ಲೆಂಡ್ ದೇಶದ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಅದರ ತಿರುಳನ್ನು ರಚಿಸಿದನು. ೧೯೯೩ರಲ್ಲಿ ಡೆಬಿಯನ್, ೨೦೦೪ರಲ್ಲಿ ಉಬುಂಟು, ೨೦೦೬ರಲ್ಲಿ ಮಿಂಟ್ ಎಂಬ ಅದರ ಶಾಖೆಗಳು ಹುಟ್ಟಿದವು. ಇದು ಕನ್ನಡಿಗರಿಗೆ ಸಾಧ್ಯವಾಗದ ವಿದ್ಯೆಯೆಂದು ಯಾರೂ ಅಂಜಬೇಕಾದುದಿಲ್ಲ. ಕೇರಳ ಸರಕಾರದ ಕೈಟ್ ಸಂಸ್ಥೆಯು ಉಬುಂಟುವಿನ ಆಧಾರದ ಮೇಲೆ ಸಿದ್ಧಪಡಿಸಿದ ವ್ಯವಸ್ಥೆಯಲ್ಲಿಯೇ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಪಾಠ ಕಲಿಯುತ್ತಿದ್ದಾರೆ. ಮಕ್ಕಳು ಕಲಿತುದನ್ನು ಹಿರಿಯರು ಕಲಿಯಬಾರದೆಂಬ ನಿಯಮವಿಲ್ಲ.

ವೈದ್ಯನು ರೋಗವನ್ನು ನಿದಾನಿಸದೆ ಔಷಧವನ್ನು ಕೊಡಕೂಡದು. ಯಂತ್ರದ ವಿಷಯದಲ್ಲಿಯೂ ಇದೇ ಕ್ರಮ. ತೊಂದರೆಯು ಯಾವ ದಿನ ಮೊದಲಾಯಿತು, ಅದಕ್ಕೆ ಮುಂಚೆ ಹೊಸದಾಗಿ ಏನನ್ನು ಸೇರಿಸಿದೆವು, ಪರದೆಯ ಮೇಲೆ ಯಾವ ಮಾತು ಕಾಣಿಸಿತು ಎಂಬ ಮೂರನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ದೂರದಲ್ಲಿರುವ ಮಗನಿಗೆ ದೂರವಾಣಿಯಲ್ಲಿ “ಏನೋ ಬಂತಪ್ಪ, ಹೋಯಿತು” ಎಂದರೆ ಅವನು ತಾನೆ ಏನು ಮಾಡಿಯಾನು? ಕಂಡ ಮಾತನ್ನು ಅಕ್ಷರಶಃ ಓದಿದರೆ ಅರ್ಧ ಕೆಲಸವು ಮುಗಿದಂತೆಯೇ.

ನಮ್ಮ ನೆರೆಯ ಒಬ್ಬ ಗೃಹಿಣಿಯು ಸ್ತ್ರೀಶಕ್ತಿ ಸಂಘದ ಲೆಕ್ಕವನ್ನು ಗಣಕದಲ್ಲಿ ಇಡುವವರು. ಸಂಘದ ಸದಸ್ಯರಿಗೆ ಲೆಕ್ಕವನ್ನು ಓದಿ ಒಪ್ಪಿಸಬೇಕಾದ ದಿನವು ಸಮೀಪಿಸಿದಾಗ, ಯಂತ್ರದಲ್ಲಿ ಸ್ಥಳವಿಲ್ಲದೆ ಲೆಕ್ಕವು ಉಳಿಯದಂತಾಯಿತು. “ಮೇಷ್ಟ್ರೇ, ಬೇಡದ್ದನ್ನೆಲ್ಲಾ ಅಳಿಸಿದ್ದಾಯಿತು, ಜಾಗ ಮಾತ್ರ ಒಂದಿಷ್ಟೂ ಆಗಲಿಲ್ಲ. ನಾಳಿದ್ದು ಅಷ್ಟು ಜನದ ಮುಂದೆ ನಾನೇನು ಹೇಳಲಿ?” ಎಂದು ಅವರು ಕಣ್ಣಲ್ಲಿ ನೀರು ತಂದುಕೊಂಡರು. ನೋಡಲಾಗಿ, ಅವರು ಅಳಿಸಿದ್ದು ಪರದೆಯ ಮೇಲಿನ ಚಿಹ್ನೆಗಳನ್ನು. ಚಿಹ್ನೆಯೆಂಬುದು ಬಾಗಿಲಿನ ಹೆಸರುಹಲಗೆಯಷ್ಟೆ; ಹಲಗೆಯನ್ನು ಕಿತ್ತರೆ ಒಳಗಿನವರು ಮನೆ ಬಿಡುವುದಿಲ್ಲ. ದೊಡ್ಡ ಚಲನಚಿತ್ರಗಳನ್ನು ಅಳಿಸಿದ್ದರು ನಿಜ, ಆದರೆ ಅವು ಕಸದ ಬುಟ್ಟಿಯಲ್ಲಿಯೇ ಕುಳಿತಿದ್ದವು. ಬುಟ್ಟಿಯನ್ನು ಬರಿದುಮಾಡುವವರೆಗೆ ಸ್ಥಳವು ಬಿಡುವಾಗದು. ಅದನ್ನು ಬರಿದುಮಾಡಿದೊಡನೆ ಲೆಕ್ಕವು ಉಳಿಯಿತು; ಯಾವ ತಂತ್ರಾಂಶವನ್ನೂ ತೆಗೆಯಬೇಕಾಗಲಿಲ್ಲ.

ನಿಜವಾಗಿಯೂ ತೆಗೆಯಬೇಕಾದಲ್ಲಿ ಕ್ರಮವು ಹೀಗಿರುವುದು. ಮಿಂಟ್ ವ್ಯವಸ್ಥೆಯ ಮೆನುವಿನಲ್ಲಿ ತಂತ್ರಾಂಶದ ಹೆಸರಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿದರೆ ಅನ್‌ಇನ್‌ಸ್ಟಾಲ್ ಎಂಬ ಮಾತು ಕಾಣುವುದು. ಅದನ್ನು ಆರಿಸಿದಾಗ ಯಂತ್ರವು ಗುಪ್ತಪದವನ್ನು ಕೇಳುವುದು. ಟರ್ಮಿನಲ್ ಎಂಬ ಆಜ್ಞಾಫಲಕದಲ್ಲಿ ಗುಪ್ತಪದವನ್ನು ಬರೆಯುವಾಗ ಪರದೆಯ ಮೇಲೆ ಏನೂ ಮೂಡದಿರಬಹುದು. ಕೀಲಿಮಣೆ ಕೆಟ್ಟಿತೆಂದು ಗಾಬರಿಪಡಬೇಡಿರಿ, ಅದು ಗೋಪ್ಯಕ್ಕಾಗಿ ಮಾಡಿದ ಏರ್ಪಾಡು.

ಲಿನಕ್ಸಿನಲ್ಲಿ ತಂತ್ರಾಂಶಗಳು ಒಂದನ್ನೊಂದು ಆಶ್ರಯಿಸಿರುತ್ತವೆ. ಯಾವುದು ಯಾವುದನ್ನು ಆಶ್ರಯಿಸಿದೆಯೆಂಬ ಖಾತೆಯೂ ಯಂತ್ರದಲ್ಲಿರುತ್ತದೆ. ನಮ್ಮೂರಿನ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇಗುಲದಲ್ಲಿ ಅಲಂಕಾರವಿಲ್ಲದ ಕಲ್ಲೆಂದು ಒಂದನ್ನು ಎಳೆದರೆ ಮೇಲಿನ ಶಿಲ್ಪದ ಸಾಲುಗಳ ಗತಿಯೇನು? ಹಾಗೆಯೇ ಒಂದನ್ನು ತೆಗೆಯುವಾಗ ಜೊತೆಗೆ ಹೊರಡುವವುಗಳ ಪಟ್ಟಿಯನ್ನು ಯಂತ್ರವು ತೋರಿಸುತ್ತದೆ. ಆ ಪಟ್ಟಿಯನ್ನು ಓದದೆ ಒಪ್ಪಿಗೆಯನ್ನು ಕೊಡಕೂಡದು. ೨೦೨೧ರಲ್ಲಿ ಲೀನಸ್ ಸೆಬಾಸ್ಟಿಯನ್ ಎಂಬ ಕೆನಡಾ ದೇಶದ ಪ್ರಸಿದ್ಧ ಗಣಕ ವಿಮರ್ಶಕರು ಲಿನಕ್ಸಿನ ಒಂದು ಶಾಖೆಯಲ್ಲಿ ಆಟದ ತಂತ್ರಾಂಶವೊಂದನ್ನು ಹಾಕಹೋದರು. ಅವಶ್ಯವಾದ ಭಾಗಗಳು ಹೊರಟುಹೋಗುವುವೆಂದು ಯಂತ್ರವು ಎಚ್ಚರಿಸಿದರೂ ಒಪ್ಪಿಗೆಯನ್ನಿತ್ತ ಕಾರಣ, ಪರದೆಯ ಚಿತ್ರಮಯವಾದ ವ್ಯವಸ್ಥೆಯೇ ಮಾಯವಾಯಿತು. ಬಲ್ಲವರಿಗೇ ಹೀಗಾದ ಮೇಲೆ ನಾವು ಎರಡು ನಿಮಿಷ ನಿಧಾನಿಸುವುದರಲ್ಲಿ ಅವಮಾನವೇನೂ ಇಲ್ಲ.

ತೆಗೆಯುವುದರಲ್ಲಿಯೂ ಎರಡು ಬಗೆಗಳುಂಟು. ರಿಮೂವ್ ಎಂಬುದು ತಂತ್ರಾಂಶವನ್ನು ತೆಗೆದು ಅದರ ಏರ್ಪಾಡಿನ ಕಡತಗಳನ್ನು ಉಳಿಸುವುದು. ಪರ್ಜ್ ಎಂಬುದು ವ್ಯವಸ್ಥೆಯಲ್ಲಿರುವ ಆ ಕಡತಗಳನ್ನೂ ತೆಗೆಯುವುದು. ಬಳಸುವವನ ಹೋಮ್ ಫೋಲ್ಡರಿನಲ್ಲಿ ಅಡಗಿರುವ ಅಭ್ಯಾಸದ ಗುರುತುಗಳಾದರೋ ಎರಡರಿಂದಲೂ ಹೋಗವು. ಪಾಣಿನಿಯ ವ್ಯಾಕರಣವನ್ನು ಓದಿದವರಿಗೆ ಇದು ಆಶ್ಚರ್ಯವಲ್ಲ. ಅಲ್ಲಿ ಲೋಪವೆಂದರೆ ಕಾಣದೆಹೋಗುವುದು. ಪ್ರತ್ಯಯವು ಲೋಪವಾದ ಮೇಲೂ ಅದರ ನಿಮಿತ್ತವಾದ ಕಾರ್ಯವು ನಡೆಯುವುದುಂಟು. ಕೆಟ್ಟ ತಂತ್ರಾಂಶವನ್ನು ತೆಗೆದು ಪುನಃ ಹಾಕಿದರೂ ಹಳೆಯ ದೋಷವೇ ಮರುಕಳಿಸುವುದಕ್ಕೆ ಈ ಉಳಿದ ಕಡತಗಳು ಅನೇಕ ವೇಳೆ ಕಾರಣವಾಗಿರುತ್ತವೆ.

ಇನ್ನು ಸಾಮಾನ್ಯವಾದ ಮೂರು ತೊಡಕುಗಳು. ಬೀಗವು ದೊರೆಯಲಿಲ್ಲವೆಂದು ಯಂತ್ರವು ಹೇಳಿದರೆ, ಮತ್ತೊಂದು ಕೆಲಸವು ಆಗಲೇ ಖಾತೆಯನ್ನು ಹಿಡಿದಿರುವುದೆಂದು ತಿಳಿಯತಕ್ಕದ್ದು; ಹೊಸ ಆವೃತ್ತಿಗಳು ತಾವಾಗಿಯೇ ಇಳಿಯುವಾಗ ಹೀಗಾಗುವುದು. ಸ್ವಲ್ಪ ಹೊತ್ತು ಕಾಯಬೇಕೇ ಹೊರತು ಬೀಗವನ್ನು ಮುರಿಯಲಾಗದು. ಎರಡನೆಯದಾಗಿ, ಕೆಲಸದ ಮಧ್ಯೆ ವಿದ್ಯುತ್ತು ಹೋದರೆ ಖಾತೆಯು ಅರ್ಧಕ್ಕೆ ನಿಲ್ಲುವುದು. ಆಗ ಬರೆಯಬೇಕಾದ ಆಜ್ಞೆಯನ್ನು ಯಂತ್ರವೇ ಪರದೆಯ ಮೇಲೆ ತಿಳಿಸುವುದು. ಅದನ್ನು ತಪ್ಪಿಲ್ಲದೆ ನಕಲುಮಾಡಿದರೆ ಸಾಕು. ಮೂರನೆಯದಾಗಿ, ಒಂದೇ ತಂತ್ರಾಂಶವು ಎರಡು ಉಗ್ರಾಣಗಳಿಂದ ಬಂದಿರಬಹುದು: ವ್ಯವಸ್ಥೆಯ ಸ್ವಂತ ಉಗ್ರಾಣ ಒಂದು, ಫ್ಲಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ಎಂಬುದು ಇನ್ನೊಂದು. ತೆಗೆದರೂ ಮತ್ತೆ ಕಾಣುತ್ತಿದ್ದರೆ ಇನ್ನೊಂದು ಪ್ರತಿಯನ್ನು ಹುಡುಕಬೇಕು.

ಕನ್ನಡಿಗರು ಗಮನಿಸಬೇಕಾದ ಒಂದು ಮಾತಿದೆ. ಐಬಸ್, ಎಂ೧೭ಎನ್ ಎಂಬ ಅಪರಿಚಿತ ಹೆಸರುಗಳನ್ನು ಕಂಡು ಇವು ಯಾರ ನೆಂಟರೋ ಎಂದು ತೆಗೆಯಬೇಡಿರಿ, ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ ಕಗಪ ಕೀಲಿಮಣೆಯಲ್ಲಿ ಕನ್ನಡವನ್ನು ಬರೆಯುವುದಕ್ಕೆ ಅವೇ ಸಾಧನ. ವಿಂಡೋಸಿನ ಕಾಲದಲ್ಲಿ ಹಳೆಯ ನುಡಿ ಅಥವಾ ಬರಹದ ಅಕ್ಷರಗಳಲ್ಲಿ ಬರೆದ ಪತ್ರಗಳು ಇಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರಬಹುದು. ಅವು ಕೆಟ್ಟಿಲ್ಲ. ಅವುಗಳ ಅಕ್ಷರಸಂಕೇತವು ಯೂನಿಕೋಡಿನದಲ್ಲವಾದ ಕಾರಣ ಪರಿವರ್ತಿಸಿ ಓದಬೇಕಾಗುವುದು. ತಂದೆಯವರು ಬರೆದಿಟ್ಟ ವಂಶಾವಳಿಯನ್ನು ಕಸವೆಂದು ಬುಟ್ಟಿಗೆ ಹಾಕುವ ಮೊದಲು ಇದನ್ನು ನೆನೆಯತಕ್ಕದ್ದು.

ಏನನ್ನೇ ತೆಗೆಯುವ ಮುನ್ನ ಮುಖ್ಯವಾದ ಕಾಗದಪತ್ರಗಳ ನಕಲನ್ನು ಬೇರೊಂದು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿರಿ. ಮಿಂಟಿನಲ್ಲಿರುವ ಟೈಮ್‌ಶಿಫ್ಟ್ ಎಂಬ ಸಾಧನವು ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರಬಲ್ಲುದಾದರೂ, ನಾವು ಬೇರೆಯಾಗಿ ಹೇಳದ ಹೊರತು ನಮ್ಮ ಚಿತ್ರಗಳನ್ನೂ ಲೆಕ್ಕಗಳನ್ನೂ ಅದು ಕಾಪಾಡುವುದಿಲ್ಲ. ತಂತ್ರಾಂಶವು ಹೋದರೆ ಉಗ್ರಾಣದಿಂದ ಮತ್ತೆ ತರಬಹುದು. ಮನೆಯ ಬರಹವು ಹೋದರೆ ತರುವುದಕ್ಕೆ ಯಾವ ಉಗ್ರಾಣವೂ ಇಲ್ಲ. ಈ ಭೇದವನ್ನು ಬಲ್ಲ ಗೃಹಸ್ಥನು ಹೊಸ ಯಂತ್ರಕ್ಕೆ ಹೆದರಬೇಕಾದುದಿಲ್ಲ.