ನಿಮಗಿದು ಗೊತ್ತೇ? ಒಂದು ಹೊಳೆ, ಎರಡು ಊರು, ಹಲವು ಸರ್ಕಾರ

ನಂಜನಗೂಡಿನಲ್ಲಿ ಕಪಿಲೆ, ಅಂದರೆ ಕಬಿನಿ, ಎಷ್ಟು ಏರಿದ್ದಾಳೆಂದು ತಿಳಿಯಲು ಊರಿನವರಿಗೆ ಅಳತೆಪಟ್ಟಿ ಬೇಡ, ಹದಿನಾರು ಕಾಲು ಮಂಟಪ ಸಾಕು. ಕಂಬದ ಬುಡ ಮುಳುಗಿತೇ, ನಡು ಮುಳುಗಿತೇ, ಚಾವಣಿ ಮಾತ್ರ ಕಾಣುತ್ತಿದೆಯೇ ಎಂದು ನೋಡಿಕೊಂಡು ಹೊಳೆದಂಡೆಯ ಮನೆಯವರು ಅಕ್ಕಿ ಮೂಟೆಯನ್ನು ಅಟ್ಟಕ್ಕೇರಿಸುತ್ತಾರೆ.

ಆ ನೀರು ಬಿಡುವವರು ಯಾರು, ಮನೆ ಖಾಲಿ ಮಾಡಿಸುವವರು ಯಾರು, ಗೊತ್ತೇ? ಬೀಚನಹಳ್ಳಿಯ ಕಬಿನಿ ಜಲಾಶಯದ ಗರಿಷ್ಠ ಮಟ್ಟ 2,284 ಅಡಿ, ಸಾಮರ್ಥ್ಯ 19.52 ಟಿಎಂಸಿ. ಅದರ ಗೇಟು ಇರುವುದು ರಾಜ್ಯ ಸರ್ಕಾರದ ಕಾವೇರಿ ನೀರಾವರಿ ನಿಗಮದ ಕೈಯಲ್ಲಿ. ಎಂಜಿನಿಯರ್ ಕೊಟ್ಟ ಸುದ್ದಿ ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಶೀಲ್ದಾರರಿಗೆ, ಮುಂದೆ ನಗರಸಭೆಗೂ ಹಳ್ಳಿಯ ಪಿಡಿಒಗೂ ಇಳಿಯಬೇಕು. ಕೊನೆಗೆ ಮೈಕು ಕಟ್ಟಿದ ಆಟೊ ಬೀದಿಯಲ್ಲಿ ಕೂಗಿಕೊಂಡು ಹೋಗುತ್ತದೆ. ಈ ಸರಪಳಿಯ ಒಂದು ಕೊಂಡಿ ತಡವಾದರೂ ನೀರು ಮೊದಲು ಬರುತ್ತದೆ. ಕಾಳಜಿ ಕೇಂದ್ರ ತೆರೆದರೆ ಕೋಣೆ ಸರ್ಕಾರಿ ಶಾಲೆಯದು, ಊಟದ ಖರ್ಚು ಕಂದಾಯ ಇಲಾಖೆಯದು, ನೀರಿನ ಟ್ಯಾಂಕರು ನಗರಸಭೆಯದು. 2018 ಮತ್ತು 2019ರ ಪ್ರವಾಹದಲ್ಲಿ ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆಗೇ ನೀರು ನುಗ್ಗಿ ಸಂಚಾರ ನಿಂತಿತ್ತು.

ತಿರುಮಕೂಡಲು ನರಸೀಪುರದವರ ಪಾಡು ಇನ್ನೊಂದು. ಕಬಿನಿಯ ನೀರು ಅಲ್ಲಿ ಕಾವೇರಿಯನ್ನು ಸೇರುತ್ತದೆ. ಕಾವೇರಿಯಲ್ಲಿ ಬರುವುದು ಕೆಆರ್‌ಎಸ್‌ನಿಂದ ಬಿಟ್ಟ ನೀರು. ಹಾಗಾಗಿ ಸಂಗಮದವರು ಎರಡು ಅಣೆಕಟ್ಟೆಗಳ ಸುದ್ದಿಗೆ ಕಿವಿಗೊಟ್ಟು ಕೂರಬೇಕು.

ಇದೇ ಸಂಗಮದಲ್ಲಿ ಕುಂಭಮೇಳ ಶುರುವಾದದ್ದು 1989ರಲ್ಲಿ. ಮೂರು ವರ್ಷಕ್ಕೊಮ್ಮೆ ನಡೆಯುವ ರೂಢಿ. 2025ರ ಮೇಳ ಫೆಬ್ರುವರಿ 10ರಿಂದ 12ರವರೆಗೆ ನಡೆಯಿತು. ತಮ್ಮ ಕ್ಷೇತ್ರ ಕಾಶಿಗಿಂತ ಗುಲಗಂಜಿ ತೂಕ ಹೆಚ್ಚೆಂದು ಗುಂಜಾ ನರಸಿಂಹಸ್ವಾಮಿಯ ಊರಿನವರು ಹೆಮ್ಮೆಪಡುವುದು ಸರಿಯೇ. ಆದರೆ ಮೂರು ದಿನದ ಜನಸಾಗರ ಕರಗಿದ ಮೇಲೆ ಘಟ್ಟ ತೊಳೆಯುವ ಪೌರಕಾರ್ಮಿಕರಿಗೂ ಆ ಪುಣ್ಯದಲ್ಲಿ ದೊಡ್ಡ ಪಾಲಿದೆ.

ಈ ಎರಡು ತಾಲ್ಲೂಕಿನ ಹಳ್ಳಿಗಳು ಎಷ್ಟು ವಿಧಾನಸಭಾ ಕ್ಷೇತ್ರಗಳಿಗೆ ಸೇರಿವೆ? ಎರಡಲ್ಲ, ಮೂರು. ನಂಜನಗೂಡು, ತಿ. ನರಸೀಪುರದ ಜೊತೆ ವರುಣ. 2008ರಲ್ಲಿ ಹುಟ್ಟಿದ ವರುಣಕ್ಕೆ ಎರಡೂ ತಾಲ್ಲೂಕಿನ ಹಳ್ಳಿಗಳು ಹಂಚಿಹೋದವು. ಶಾಸಕರು ತಾಲ್ಲೂಕು ಪಂಚಾಯಿತಿಗೂ ಸದಸ್ಯರು. ವರುಣದಿಂದ ಗೆದ್ದು ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಚುನಾವಣಾ ರಾಜಕೀಯಕ್ಕೆ ಕಾಲಿಟ್ಟದ್ದೂ 1978ರಲ್ಲಿ, ಮೈಸೂರು ತಾಲ್ಲೂಕು ಬೋರ್ಡಿನ ಮೂಲಕ.

ನಂಜನಗೂಡು ನಗರಸಭೆ, ತಿ. ನರಸೀಪುರ ಪುರಸಭೆ. ಎರಡಕ್ಕೂ 1964ರ ಪೌರಸಭೆಗಳ ಕಾಯ್ದೆಯೇ ಆಧಾರ. ಅಧ್ಯಕ್ಷರು ಊರಿನವರು ಆರಿಸಿದ ಸದಸ್ಯರಿಂದ ಬರುತ್ತಾರೆ, ಪೌರಾಯುಕ್ತರು ಮತ್ತು ಮುಖ್ಯಾಧಿಕಾರಿಗಳನ್ನು ರಾಜ್ಯ ಕಳಿಸುತ್ತದೆ.

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುತ್ತಾರೆಂದು ಎಲ್ಲರಿಗೂ ಗೊತ್ತು. ದೇವಸ್ಥಾನ ಮುಜರಾಯಿಯದು, ತೇರು ಹೋಗುವ ಬೀದಿ ನಗರಸಭೆಯದು, ಬೀದಿಯ ಮೇಲಿನ ವಿದ್ಯುತ್ ತಂತಿ ಸೆಸ್ಕ್‌ನದು. ಆ ಐದರಲ್ಲೊಂದಾದ ಗೌತಮ ರಥ ಒಂದು ಸುತ್ತು ಬಂದು ನಿಲ್ಲಬೇಕಾದರೆ ಈ ಮೂವರೂ ಒಂದೇ ಮಾತಿನಲ್ಲಿರಬೇಕು.

ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ದೇವಸ್ಥಾನದ ಪಕ್ಕ ಮನೆ ಕಟ್ಟಬೇಕೇ? ಪಂಚಾಯಿತಿಯ ಪರವಾನಗಿಯೊಂದೇ ಸಾಲದು. ಕೇಶವ ದೇವಾಲಯ ಕೇಂದ್ರದ ಪುರಾತತ್ವ ಇಲಾಖೆಯ ಸ್ಮಾರಕ. 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನು 200 ಮೀಟರು ಅನುಮತಿ ಪಡೆದೇ ಕಟ್ಟಬೇಕು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡಿನ ಜೊತೆ ಈ ಗುಡಿಯೂ ಯುನೆಸ್ಕೊ ಪಟ್ಟಿ ಸೇರಿತು. ಗುಡಿಯ ಸುತ್ತಿನ ಈ ವ್ಯಾಪ್ತಿಯಲ್ಲಿ ಗೋಡೆ ಬಿರುಕು ಬಿಟ್ಟ ಬಡವನ ಮನೆಯ ದುರಸ್ತಿಯ ಅರ್ಜಿ ದೂರದ ಕಚೇರಿಗಳಲ್ಲಿ ಕೊಳೆಯದಂತೆ ನೋಡಿಕೊಳ್ಳುವುದೂ ಪರಂಪರೆ ಕಾಯುವ ಕೆಲಸವೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೈಸೂರಿನಿಂದ ಬರುವ ರಸ್ತೆಯಲ್ಲಿ ನಂಜನಗೂಡು ದಾಟಿ ಮುಂದೆ ಹೋದರೆ ಗುಂಡ್ಲುಪೇಟೆ, ಅಬ್ದುಲ್ ನಜೀರ್ ಸಾಬರ ಊರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡವರು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅವರು ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಆಗ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ! ಅಧಿಕಾರ ಬಿಟ್ಟುಕೊಡುವುದೆಂದರೆ ಹೀಗೆ, ಕುರ್ಚಿಯ ಸಮೇತ. ಮಹಿಳೆಯರಿಗೆ ಆ ಕಾಯ್ದೆ ಕೊಟ್ಟದ್ದು ಶೇ 25 ಸ್ಥಾನ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಯಾಗಿ ದೇಶಕ್ಕೆಲ್ಲ ಮೂರನೇ ಒಂದು ಪಾಲು ಮೀಸಲಾಯಿತು. ಕರ್ನಾಟಕ ಅದನ್ನು 2010ರಲ್ಲಿ ಅರ್ಧಕ್ಕೆ ಏರಿಸಿತು. ಹೊಸ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಮೈಸೂರಿನ ಸಂಸ್ಥೆಗೆ ಇಂದು ನಜೀರ್ ಸಾಬರದೇ ಹೆಸರು.

ಅಂಥ ರಾಜ್ಯದಲ್ಲೇ 2016ರ ಫೆಬ್ರುವರಿಯಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳೇ ಕುರ್ಚಿಯಲ್ಲಿ ಕೂತರು. ಕಾಲುವೆ ಒಡೆದರೆ ರೈತ ಯಾರ ಮನೆ ಬಾಗಿಲು ತಟ್ಟಬೇಕು? ಆರಿಸಿ ಕಳಿಸಿದ ಸದಸ್ಯನಾದರೆ ಸಂತೆಯಲ್ಲಾದರೂ ಸಿಗುತ್ತಿದ್ದ.

ಗ್ರಾಮಸಭೆಗೆ ರಾಜ್ಯದ ಬೇರೆ ಇಲಾಖೆಯ ಅಧಿಕಾರಿಯೊಬ್ಬರು ನೋಡಲ್ ಅಧಿಕಾರಿಯಾಗಿ ಬಂದು ಕೂರುತ್ತಾರೆ. ಅಧ್ಯಕ್ಷತೆ ಮಾತ್ರ ಪಂಚಾಯಿತಿ ಅಧ್ಯಕ್ಷರದೇ. ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅಂದು ಚರಂಡಿಯ ಮಾತೆತ್ತಿದರೆ ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದುಬನ್ನಿ.

ಇನ್ನೊಂದು ಸಣ್ಣ ಸಂಗತಿ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅವುಗಳ ಹೆಸರು ‘ಅರಿವು ಕೇಂದ್ರ’. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಮನೆಕಂದಾಯದ ಜೊತೆ ನೀವು ಕಟ್ಟುವ ಗ್ರಂಥಾಲಯ ಕರ ಈ ಕೇಂದ್ರಗಳದೇ ದುಡ್ಡು. ರಸೀದಿಯಲ್ಲಿ ಆ ಸಾಲು ಬೇರೆಯಾಗಿಯೇ ಇರುತ್ತದೆ.