ನರ್ತಕ ರಾಮ್ ಗೋಪಾಲ್

ಹೊನ್ನೂರಿನ ಸುತ್ತಣ ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯಲ್ಲಿ ಕಂಸಾಳೆಯ ನಾದವನ್ನು ಕೇಳದವರು ವಿರಳ. ಮಲೆಯ ಮಾದೇಶ್ವರನ ಮಹಿಮೆಯನ್ನು ಹಾಡುವ ದೇವರಗುಡ್ಡರು ಕಂಚಿನ ತಾಳಗಳನ್ನು ಬೀಸುತ್ತ ಕುಣಿಯುತ್ತಾರೆ. ಗಂಡಸರ ಆ ಕುಣಿತವನ್ನು ಯಾರೂ ಹೀನವೆಂದು ಬಗೆಯರು. ಅದು ದೇವರ ಸೇವೆ. ಆದರೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ನಗರಗಳ ವಿದ್ಯಾವಂತ ಮನೆತನಗಳ ಭಾವನೆಯೇ ಬೇರೆಯಾಗಿತ್ತು. ಗಂಡುಮಗನೊಬ್ಬನು ನೃತ್ಯವನ್ನೇ ಜೀವನವೃತ್ತಿಯಾಗಿ ಆರಿಸಿಕೊಳ್ಳುವುದು ಮನೆತನದ ಮರ್ಯಾದೆಗೆ ಕುಂದೆಂದು ಅನೇಕರು ತಿಳಿದಿದ್ದರು. ಆ ಕಾಲದಲ್ಲಿ ನೃತ್ಯವನ್ನು ಒಲಿದು, ಅದನ್ನು ದೇಶಾಂತರಗಳಿಗೆ ಕೊಂಡೊಯ್ದವರು ರಾಮ್ ಗೋಪಾಲ್.

ಇವರು 1912ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ತಂದೆ ನ್ಯಾಯವಾದಿಗಳು, ಮಗನೂ ಕಾನೂನನ್ನು ಓದಬೇಕೆಂಬುದು ಅವರ ಆಸೆ. ಮಗನ ಮನಸ್ಸಾದರೋ ನೃತ್ಯದಲ್ಲಿ ನೆಟ್ಟಿತ್ತು. ರಾಮ್ ಗೋಪಾಲರು ಕುಂಜು ಕುರುಪ್ಪರಲ್ಲಿ ಕಥಕಳಿಯನ್ನೂ, ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯವನ್ನೂ ಕಲಿತರು. 1930ರ ದಶಕದಲ್ಲಿ ಅಮೆರಿಕದ ನರ್ತಕಿ ಲಾ ಮೆರಿಯವರೊಡನೆ ಪ್ರವಾಸ ಕೈಗೊಂಡರು. 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ಅವರ ನೃತ್ಯವನ್ನು ಕಂಡ ಪ್ರೇಕ್ಷಕರು ಬೆರಗಾದರು. ಯುದ್ಧದ ವರ್ಷಗಳಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿ ನೃತ್ಯವನ್ನು ಮುಂದುವರಿಸಿದರು. ಮೃಣಾಲಿನಿ ಸಾರಾಭಾಯಿ, ಕುಮುದಿನಿ ಲಾಖಿಯಾ ಮುಂತಾದ ಹೆಸರಾಂತ ಕಲಾವಿದೆಯರು ಅವರೊಡನೆ ನರ್ತಿಸಿದವರೇ.

ನರ್ತಕನು ನಟನೂ ಆಗಬಲ್ಲನೇ? ನಮ್ಮ ನಾಟ್ಯದಲ್ಲಿ ಈ ಪ್ರಶ್ನೆಯೇ ಹುಟ್ಟದು. ಅಭಿನಯವು ನಾಟ್ಯದ ಜೀವಾಳ. ಕಥಕಳಿಯ ಕಲಾವಿದನು ಮಾತಿಲ್ಲದೆ, ಕಣ್ಣು ಮತ್ತು ಹಸ್ತಗಳಿಂದಲೇ ಇಡೀ ಕಥೆಯನ್ನು ಹೇಳುತ್ತಾನೆ. ಯುರೋಪಿನ ಬ್ಯಾಲೆ ನೃತ್ಯವೂ ಮಾತಿಲ್ಲದೆ ಕಥೆ ಹೇಳುವ ಕಲೆ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ 1661ರಲ್ಲಿಯೇ ನೃತ್ಯಕ್ಕಾಗಿ ಒಂದು ಅಕಾಡೆಮಿಯನ್ನು ಸ್ಥಾಪಿಸಿದ್ದನು. ಅದೇ ದೇಶದ ಬ್ಯಾಲೆ ನರ್ತಕಿ ಲೆಸ್ಲಿ ಕ್ಯಾರನ್ 1951ರಲ್ಲಿ ‘ಆನ್ ಅಮೆರಿಕನ್ ಇನ್ ಪ್ಯಾರಿಸ್’ ಚಿತ್ರದ ಮೂಲಕ ತೆರೆಗೆ ಬಂದು ಪ್ರಸಿದ್ಧ ನಟಿಯಾದರು.

ರಾಮ್ ಗೋಪಾಲರೂ ‘ದಿ ಪ್ಲಾಂಟರ್ಸ್ ವೈಫ್’ (1952), ‘ದಿ ಪರ್ಪಲ್ ಪ್ಲೇನ್’ (1954) ಮೊದಲಾದ ಇಂಗ್ಲಿಷ್ ಚಿತ್ರಗಳಲ್ಲಿ ಪಾತ್ರ ವಹಿಸಿದರು. ರಂಗದ ಮೇಲೆ ನರ್ತಕನ ಭಾವವು ಕೊನೆಯ ಸಾಲಿನ ಪ್ರೇಕ್ಷಕನನ್ನೂ ಮುಟ್ಟಬೇಕು. ಕ್ಯಾಮರವಾದರೋ ಮುಖದ ಸಮೀಪಕ್ಕೇ ಬರುತ್ತದೆ. ಅಲ್ಲಿ ಹುಬ್ಬಿನ ಕಿರುಚಲನೆಯೂ ದೊಡ್ಡದಾಗಿ ತೋರುತ್ತದೆ. ಆದ್ದರಿಂದ ನಟನಾಗುವ ನರ್ತಕನು ತಾನು ಕಲಿತುದನ್ನು ಹಿಡಿತದಲ್ಲಿಟ್ಟುಕೊಳ್ಳಬೇಕಾಗುತ್ತದೆ. ಚಲನಚಿತ್ರಗಳಲ್ಲಿ ರಾಮ್ ಗೋಪಾಲರಿಗೆ ದೊರೆತವು ಚಿಕ್ಕ ಪಾತ್ರಗಳು. ಅವರ ಕೀರ್ತಿಗೆ ನೃತ್ಯವೇ ಆಧಾರ.

1960ರಲ್ಲಿ ಅವರು ಇಂಗ್ಲೆಂಡಿನ ಸುಪ್ರಸಿದ್ಧ ಬ್ಯಾಲೆ ನರ್ತಕಿ ಅಲಿಷಿಯಾ ಮಾರ್ಕೋವಾ ಅವರೊಡನೆ ‘ರಾಧಾ-ಕೃಷ್ಣ’ ನೃತ್ಯವನ್ನು ಪ್ರದರ್ಶಿಸಿದರು. ಎರಡು ಖಂಡಗಳ ನೃತ್ಯ ಪರಂಪರೆಗಳು ಹೀಗೆ ಒಂದೇ ವೇದಿಕೆಯಲ್ಲಿ ಕೂಡಿದವು. ಸಂಗೀತ ನಾಟಕ ಅಕಾಡೆಮಿಯು 1990ರಲ್ಲಿ ತನ್ನ ಫೆಲೋಶಿಪ್ ನೀಡಿ ಅವರನ್ನು ಗೌರವಿಸಿತು. 2003ರಲ್ಲಿ ಅವರು ಇಂಗ್ಲೆಂಡಿನಲ್ಲಿ ನಿಧನ ಹೊಂದಿದರು.

ಶಿಲ್ಪಿಯು ಅಳಿದರೂ ಶಿಲ್ಪ ಉಳಿಯುತ್ತದೆ; ಕವಿ ಅಳಿದರೂ ಕಾವ್ಯ ಉಳಿಯುತ್ತದೆ. ನರ್ತಕನ ಕಲೆಗೆ ಅವನ ದೇಹವೇ ಆಶ್ರಯ. ಅದು ಉಳಿಯಬೇಕಾದರೆ ಮತ್ತೊಬ್ಬನು ಕಲಿಯಬೇಕು. ಕಲಿಯುವವನನ್ನು ಸಮಾಜವು ಗೌರವಿಸಬೇಕು. ಆ ಗೌರವವನ್ನು ರಾಮ್ ಗೋಪಾಲರು ತಮ್ಮ ಸಾಧನೆಯಿಂದಲೇ ಗಳಿಸಿದರು.